ಬ್ರೇಕಿನ ಡಬ್ಬಿಯಲ್ಲಿ ಔಡಲೆಣ್ಣೆ

ನನ್ನದು ಸಂಶಯದ ಸ್ವಭಾವ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಇಲ್ಲದಿದ್ದರೆ ಓದುವವರು ತಾವೇ ಕಂಡುಹಿಡಿದೆವೆಂದು ಬೀಗುತ್ತಾರೆ. ಹಾಲಿನವನು ನಕ್ಕರೆ ಹಾಲಿಗೆ ನೀರು ಬಿದ್ದಿದೆ ಎಂದುಕೊಳ್ಳುವವಳು ನಾನು. ನಗದಿದ್ದರೆ ಇನ್ನೂ ಹೆಚ್ಚು ಬಿದ್ದಿದೆ ಎಂದುಕೊಳ್ಳುತ್ತೇನೆ. ತಾಂಡೂರಿನ ತವರುಮನೆಯಿಂದ ಬಂದ ಬಳುವಳಿ ಇದು. ನಮ್ಮಪ್ಪನದು ನೆಲಕ್ಕೆ ಹಾಸುವ ಫರಸಿ ಕಲ್ಲಿನ ವ್ಯಾಪಾರ. ಒಂದೊಂದು ಕಲ್ಲನ್ನೂ ಬೆರಳಿನ ಗೆಣ್ಣಿನಿಂದ ಬಡಿದು, ಕಿವಿಗೊಟ್ಟು ಕೇಳಿ, ಒಳಗೆ ಸೀಳಿದ್ದರೆ ಸಪ್ಪಳದಲ್ಲೇ ಹಿಡಿಯುತ್ತಿದ್ದ. ನನಗೆ ವರ ನೋಡಲು ನಾರಾಯಣಖೇಡಕ್ಕೆ ಹೋದಾಗ ಬೀಗರ ಮನೆಯ ಕಂಬವನ್ನೂ ಬಡಿದು ನೋಡಿ ಬಂದಿದ್ದನೆಂದು ನಮ್ಮ ಯಜಮಾನರು ಈಗಲೂ ಹೇಳಿ ನಗುತ್ತಾರೆ.

ಯಜಮಾನರದು ನಾರಾಯಣಖೇಡದಲ್ಲಿ ಜೋಳ, ತೊಗರಿಯ ಅಡತಿ ಅಂಗಡಿ. ಭಾಷೆಯ ಮೇಲೆ ರಾಜ್ಯಗಳು ಬೇರೆಯಾಗಿ ಹತ್ತು ಹನ್ನೆರಡು ವರ್ಷವಾಗಿದ್ದಿರಬೇಕು. ಅಂಗಡಿಯ ಬೋರ್ಡು ತೆಲುಗಿನಲ್ಲಿತ್ತು, ವ್ಯವಹಾರದ ಮಾತು ಉರ್ದುವಿನಲ್ಲಿ ನಡೆಯುತ್ತಿತ್ತು, ಜಗಳ ಮಾತ್ರ ಕನ್ನಡದಲ್ಲಿ. ಮನೆಯಲ್ಲಿ ನಾವಿಬ್ಬರು ಮತ್ತು ಅತ್ತೆ. ಮಕ್ಕಳಿರಲಿಲ್ಲ. ಮೊದಲನೆಯದು ಏಳು ತಿಂಗಳಿಗೇ ಹುಟ್ಟಿ ಹೋಯಿತು. ಎರಡನೆಯದು ದಿನ ತುಂಬಿದ್ದ ಮಗು. ನೋವು ಬಂದ ದಿನ ಜಹೀರಾಬಾದಿನ ಬಸ್ಸು ಬರಲಿಲ್ಲ. ಕಾದು ಕಾದು ಕೊನೆಗೆ ಬಂಡಿ ಕಟ್ಟಿಕೊಂಡು ಹೊರಟೆವು. ಮನೆಯಲ್ಲೇ ಹೆರಿಗೆ ಆಸ್ಪತ್ರೆ ಇಟ್ಟಿದ್ದ ಅಲ್ಲಿಯ ಡಾಕ್ಟರಮ್ಮನಲ್ಲಿಗೆ ಮುಟ್ಟುವ ಹೊತ್ತಿಗೆ ಮಗು ಹೊಟ್ಟೆಯಲ್ಲೇ ತೀರಿಕೊಂಡಿತ್ತು.

ಡಾಕ್ಟರಮ್ಮ ಯಜಮಾನರನ್ನು ಹೊರಗೆ ಕರೆದು ಹೇಳಿದರಂತೆ, ಮುಂದಿನ ಸಲ ನೋವು ಸುರುವಾದ ಕೂಡಲೇ ಕರೆತಂದರೆ ಮಗುವನ್ನು ಉಳಿಸಿಕೊಡಬಹುದು, ತಡವಾದರೆ ಆಗುವುದಿಲ್ಲ ಎಂದು. ಯಜಮಾನರು ಮುಂದಿನ ತಿಂಗಳು ಹೈದರಾಬಾದಿಗೆ ಹೋಗಿ ಒಂದು ಕಾರು ತಂದರು.

ಒಂದು ದೊಡ್ಡ ಮನೆತನದವರು ಮಾರಲು ನಿಲ್ಲಿಸಿದ್ದ ವಿಲಾಯತಿ ಗಾಡಿ ಅದು. ಬೂದು ಬಣ್ಣದ್ದು, ನಮ್ಮ ಪಡಸಾಲೆಯಷ್ಟು ಉದ್ದ. ಹಿಂದಿನ ಸೀಟಿನ ಕಿಟಕಿಗಳಿಗೆ ಪರದೆ, ತಲೆಯ ಮೇಲೊಂದು ಪುಟ್ಟ ದೀಪ, ಮುಂದೆ ಗಡಿಯಾರ. ನಮ್ಮ ಓಣಿಯಲ್ಲಿ ಅದು ಒಂದೇ ಸಲಕ್ಕೆ ಎಂದೂ ತಿರುಗಲಿಲ್ಲ. ಅತ್ತೆ ವಿಭೂತಿ ಹಚ್ಚಿ ಕಾಯಿ ಒಡೆದರು. ನಾನು ಮಾತ್ರ ಬಾಗಿಲು ತೆಗೆದು ಒಳಗೆ ಕೂತು ನೋಡಿದೆ. ಮೀಟರು ಇಪ್ಪತ್ತು ಸಾವಿರ ಮೈಲಿಯ ಆಸುಪಾಸು ತೋರಿಸುತ್ತಿತ್ತು. ಆದರೆ ಕಾಲಡಿಯ ಪೆಡಲುಗಳ ರಬ್ಬರು ಪೂರ್ತಿ ಸವೆದು ಒಳಗಿನ ಕಬ್ಬಿಣ ಮಿಣಮಿಣ ಹೊಳೆಯುತ್ತಿತ್ತು. ಡ್ರೈವರನ ಸೀಟು ಒಂದು ಕಡೆಗೆ ಕುಸಿದಿತ್ತು.

"ಇಪ್ಪತ್ತು ಸಾವಿರಕ್ಕ ರಬ್ಬರ್ ಇಷ್ಟು ಸವಿತದೇನ್ರಿ? ನಿಮಗ ಟೋಪಿ ಹಾಕ್ಯಾರ. ಮೀಟರ್ ಒಂದು ಸುತ್ತು ತಿರುಗಿ ಮತ್ತ ಸೊನ್ನಿಯಿಂದ ಸುರು ಆಗ್ಯಾದ" ಎಂದೆ. ಯಜಮಾನರ ಮುಖ ಸಣ್ಣದಾಯಿತು. ನನ್ನ ಸಂಶಯ ಆ ಸಲ ನೂರಕ್ಕೆ ನೂರು ನಿಜವಾಗಿತ್ತು. ಅದೇ ನನಗೆ ಮುಂದೆ ಮುಳುವಾಯಿತು.

ಗಾಡಿಯನ್ನು ನೋಡಿಕೊಳ್ಳಲು ಜಹೀರಾಬಾದಿನಿಂದ ಒಬ್ಬ ಮಿಸ್ತ್ರಿಯನ್ನು ಗೊತ್ತು ಮಾಡಿದರು. ಬೊಂಬಾಯಿ ರಸ್ತೆಯ ಮೇಲಿನ ಊರು, ಅಲ್ಲಿ ಮಿಸ್ತ್ರಿಗಳಿಗೆ ಬರವಿರಲಿಲ್ಲ. ಇವನು ಚಿಕ್ಕಂದಿನಲ್ಲಿ ಹೈದರಾಬಾದಿನ ದೊಡ್ಡವರ ಮನೆಗಳಲ್ಲಿ ಇಂಥವೇ ಗಾಡಿಗಳ ಕೆಲಸ ಕಲಿತವನು. ಐವತ್ತರ ಆಚೀಚೆಯ ವಯಸ್ಸು, ಕಡ್ಡಿಯಂಥ ಮೈ, ಮಾತು ಕಡಿಮೆ. ಮಾತು ಕಡಿಮೆ ಇರುವವರನ್ನು ನಾನು ಮೊದಲಿಂದಲೂ ನಂಬುವುದಿಲ್ಲ. ಬಂದ ದಿನವೇ ಪೆಡಲುಗಳನ್ನು ನೋಡಿ, "ಅವ್ವಾರು ಹೇಳಿದ್ದು ಖರೆ ಅದರಿ. ಲಕ್ಷ ಮೈಲಿ ಎಂದೋ ದಾಟ್ಯಾದ" ಎಂದ. ಇಷ್ಟು ಬೇಗ ಒಪ್ಪಿಕೊಂಡನಲ್ಲ, ಏನೋ ಹುನ್ನಾರವಿದೆ ಎಂದು ನನಗನಿಸಿತು.

ಹದಿನೈದು ದಿನಕ್ಕೊಮ್ಮೆ ಸೋಮವಾರ ಅವನು ಬರುತ್ತಿದ್ದ. ಸೋಮವಾರವೇ ಯಾಕೆಂದರೆ, ನಮ್ಮ ಕಡೆ ಅಂದು ಬಸವಣ್ಣನ ದಿನವೆಂದು ಎತ್ತುಗಳಿಗೆ ನೊಗ ಕಟ್ಟುವುದಿಲ್ಲ. ಅತ್ತೆ ಈ ನೇಮಕ್ಕೆ ಕಾರನ್ನೂ ಸೇರಿಸಿಬಿಟ್ಟಿದ್ದರು. "ಅದೂ ನಮ್ಮ ಮನ್ಯಾಗಿನ ಎತ್ತ ಹೌದಲ್ಲೋ, ಒಂದಿನ ಬಿಡು ಅದಕ್ಕ" ಎನ್ನುತ್ತಿದ್ದರು. ಎತ್ತುಗಳನ್ನು ಹಿತ್ತಲಲ್ಲಿ ಮೈ ತೊಳೆದು ಕಟ್ಟಿದ ಹಾಗೆ ಕಾರನ್ನು ಅಂಗಳದ ಬೇವಿನ ನೆರಳಿಗೆ ನಿಲ್ಲಿಸುತ್ತಿದ್ದರು. ಮಿಸ್ತ್ರಿ ಬಾನೆಟ್ಟು ಎತ್ತಿ, ಒಂದು ಉದ್ದನೆಯ ಕಬ್ಬಿಣದ ಸಲಾಕೆಯ ತುದಿಯನ್ನು ಎಂಜಿನ್ನಿಗೆ ಆನಿಸಿ, ಇನ್ನೊಂದು ತುದಿಗೆ ಕಿವಿ ಇಟ್ಟು ಕೂಡುತ್ತಿದ್ದ.

ನನಗೆ ತಲೆಬಿಸಿಯಾಗುತ್ತಿದ್ದುದು ಅವನು ಬಿಚ್ಚುತ್ತಿದ್ದ ಸಾಮಾನುಗಳನ್ನು ನೋಡಿ. ಚೆನ್ನಾಗಿ ತಿರುಗುತ್ತಿದ್ದ ಫ್ಯಾನಿನ ಬೆಲ್ಟು ತೆಗೆದು ಹೊಸದು ಹಾಕಿದ. ಒಂದು ಹನಿಯೂ ಸೋರದ ನೀರಿನ ರಬ್ಬರು ಕೊಳವೆಗಳನ್ನು ಕಿತ್ತ. ಉರಿಯುತ್ತಿದ್ದ ಪ್ಲಗ್ಗುಗಳನ್ನು ಬದಲಿಸಿದ. ಮಾಡಿದ ಅಡುಗೆಯನ್ನು ಹಳಸುವ ಮೊದಲೇ ಚೆಲ್ಲುವವರನ್ನು ನಾನು ಕಂಡಿರಲಿಲ್ಲ. ಕೆಡದೆ ಇದ್ದುದನ್ನು ಯಾಕೆ ಬಿಚ್ಚುತ್ತೀಯೆಂದು ಒಂದು ದಿನ ಕೇಳಿಯೇಬಿಟ್ಟೆ.

"ಅವ್ವಾರ, ಈ ಗಾಡಿ ನೀವು ತಿರುಗಾಡಾಕ ತಂದಿಲ್ಲಲ್ರಿ. ಒಂದಿನ ಬರ್ತದ, ಆ ದಿನ ಇದು ನಿಂದ್ರಬಾರ್ದು. ಕೆಟ್ಟ ಮ್ಯಾಲ ಬಿಚ್ಚಾಕ ಆ ದಿನ ಟೈಮ್ ಇರಂಗಿಲ್ರಿ" ಎಂದ.

ಮಾತು ಸರಿಯಾಗಿಯೇ ಇತ್ತು. ಸರಿಯಾದ ಮಾತು ಆಡುವವರಲ್ಲೇ ಎಚ್ಚರವಾಗಿರಬೇಕೆಂದು ನಾನು ಬಾಗಿಲಲ್ಲಿ ನಿಂತು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆ. ಅವನು ಯಾವ ಮುಚ್ಚಳ ತೆಗೆದ, ಎಲ್ಲಿ ಏನು ಹೊಯ್ದ, ಎಲ್ಲವೂ ನನಗೆ ಬಾಯಿಪಾಠವಾಯಿತು. ಡ್ರೈವರನ ಕಾಲಡಿಯ ಚಾಪೆ ಸರಿಸಿದರೆ ಒಂದು ತಗಡಿನ ಮುಚ್ಚಳ, ಅದರ ಕೆಳಗೆ ಮುಷ್ಟಿ ಗಾತ್ರದ ಡಬ್ಬಿ, ಅದರಲ್ಲಿ ಬ್ರೇಕಿನ ಎಣ್ಣೆ. ಪೆಡಲು ಒತ್ತಿದಾಗ ಆ ಎಣ್ಣೆಯೇ ಸಣ್ಣ ಕೊಳವೆಗಳಲ್ಲಿ ಹೋಗಿ ನಾಲ್ಕೂ ಗಾಲಿಗಳನ್ನು ಹಿಡಿಯುತ್ತದೆಂದು ಅವನೇ ಯಜಮಾನರಿಗೆ ಹೇಳುವಾಗ ಕೇಳಿಸಿಕೊಂಡಿದ್ದೆ.

ಮೂರನೆಯ ಸಲ ನಾನು ಬಸುರಾದೆ. ಒಂಬತ್ತು ತುಂಬಿದ ಮೇಲೆ ಜಹೀರಾಬಾದಿನಲ್ಲಿ ಒಂದು ಕೋಣೆ ಹಿಡಿದು ಅಲ್ಲೇ ಇರುವುದೆಂದು ಮಾತಾಯಿತು. ಅಲ್ಲಿಯವರೆಗೆ ಕಾರೇ ಗತಿ. ಅತ್ತೆ ಜಹೀರಾಬಾದಿನ ಹತ್ತಿರದ ಝರಾಸಂಗಂ ದೇವರಿಗೆ ಹರಕೆ ಹೊತ್ತರು. ಮಿಸ್ತ್ರಿ ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದವನು ಪ್ರತಿ ಸೋಮವಾರವೂ ಬರತೊಡಗಿದ. ಹೆಚ್ಚು ಬಂದಷ್ಟೂ ನನ್ನ ತಲೆಯಲ್ಲಿನ ಹುಳ ಹೆಚ್ಚು ಕೊರೆಯಿತು.

ಒಂಬತ್ತನೆಯ ತಿಂಗಳಲ್ಲಿ ಒಂದು ಸೋಮವಾರ ಅವನು ಬ್ರೇಕಿನ ಡಬ್ಬಿಗೆ ಎಣ್ಣೆ ತುಂಬಿ, ಕೈ ತೊಳೆಯಲು ಬಚ್ಚಲಿಗೆ ಹೋದ. ಅವನ ತಗಡಿನ ಡಬ್ಬ ಅಲ್ಲೇ ಇತ್ತು, ಮೇಲೆ ಇಂಗ್ಲಿಷಿನ ಚೀಟಿ. ಬಸುರಿಯರ ಮೂಗು ಎಷ್ಟು ಚುರುಕೆಂಬುದು ಹೆತ್ತವರಿಗೆಲ್ಲ ಗೊತ್ತು. ಬೆರಳು ಅದ್ದಿ ಮೂಸಿದೆ. ಸ್ಪಿರಿಟ್ಟಿನ ಘಾಟಿನ ಕೆಳಗೆ ಇನ್ನೊಂದು ವಾಸನೆ ಇತ್ತು. ಔಡಲೆಣ್ಣೆ, ಕೆಲವರು ಹರಳೆಣ್ಣೆ ಎನ್ನುವುದು! ನನಗೆ ಆ ವಾಸನೆ ತಪ್ಪುವುದುಂಟೆ? ಪೆದ್ದೆಮುಲ್ ಕಡೆಯ ನಮ್ಮ ತವರಿನ ಹೊಲದಲ್ಲಿ ಔಡಲ ಬೆಳೆಯುತ್ತಿದ್ದರು. ಅಜ್ಜಿ ಬೀಜ ಹುರಿದು, ಕುಟ್ಟಿ, ನೀರಲ್ಲಿ ಕುದಿಸಿ, ಮೇಲೆ ತೇಲಿದ ಎಣ್ಣೆ ತೆಗೆಯುತ್ತಿದ್ದಳು. ನಮ್ಮ ನೆತ್ತಿಗೂ ಅದೇ, ಬಂಡಿಯ ಅಚ್ಚಿಗೂ ಅದೇ. ಬಂಡಿಗೆ ಸವರುವ ಎಣ್ಣೆಯನ್ನು ವಿಲಾಯತಿ ಡಬ್ಬಕ್ಕೆ ತುಂಬಿ ನಮ್ಮ ಗಾಡಿಗೆ ಹೊಯ್ಯುತ್ತಿದ್ದಾನೆ! ಅದೂ ನನ್ನ ಮಗುವನ್ನು ಒಯ್ಯಬೇಕಾದ ಗಾಡಿಗೆ!

ಸಂಜೆ ಯಜಮಾನರಿಗೆ ಹೇಳಿದೆ. ಅವರು ನಕ್ಕರು. "ನೀ ಆ ಮಿಸ್ತ್ರಿ ಬೆನ್ನು ಬಿಡಂಗಿಲ್ಲ ನೋಡು. ಅವನ ಕೆಲಸ ಅವನಿಗ್ ಗೊತ್ತದ, ನೀ ಸುಮ್ನಿರು" ಎಂದರು. ನಾನು ಸುಮ್ಮನಾದೆ, ಬಾಯಲ್ಲಿ ಮಾತ್ರ.

ಬುಧವಾರ ಮಧ್ಯಾಹ್ನ ಅತ್ತೆ ಮಲಗಿದ್ದರು, ಯಜಮಾನರು ಅಂಗಡಿಯಲ್ಲಿದ್ದರು. ಆ ಭಾರದ ಹೊಟ್ಟೆ ಹೊತ್ತು ನಾನು ಕಾರಿನ ಬಾಗಿಲು ತೆಗೆದು, ಚಾಪೆ ಸರಿಸಿ, ಮುಚ್ಚಳ ತಿರುಗಿಸಿದೆ. ಹಳೆಯ ಸೀರೆಯ ತುಂಡಿನಲ್ಲಿ ಎಣ್ಣೆಯನ್ನೆಲ್ಲ ಹೀರಿ ತೆಗೆದೆ. ಎಂಜಿನ್ನಿಗೆಂದು ಯಜಮಾನರು ಪೆಟ್ರೋಲ್ ಬಂಕಿನಿಂದ ತಂದಿಟ್ಟಿದ್ದ ಸೀಲು ಒಡೆಯದ ದೊಡ್ಡ ಡಬ್ಬವಿತ್ತು. ಅದರ ಸೀಲನ್ನು ನನ್ನ ಕೈಯಾರೆ ಒಡೆದು, ಆ ದುಬಾರಿ ಎಣ್ಣೆಯನ್ನು ಬ್ರೇಕಿನ ಡಬ್ಬಿಗೆ ತುಂಬಿದೆ. ಔಡಲದ ಸುಳಿವೂ ಇಲ್ಲದ ಸ್ವಚ್ಛ ಎಣ್ಣೆ. ಎಲ್ಲ ಮೊದಲಿನಂತೆ ಮುಚ್ಚಿ, ಸೀರೆಯ ತುಂಡನ್ನು ಒಲೆಗೆ ಹಾಕಿ, ಬಂದು ಮಲಗಿದೆ. ತಿಂಗಳುಗಳ ಮೇಲೆ ಅಂದು ನನಗೆ ಕಣ್ತುಂಬ ನಿದ್ದೆ ಬಂತು.

ಶುಕ್ರವಾರ ಯಜಮಾನರು ಅಂಗಡಿಗೆ ಹೋಗಿ ಬಂದು, "ಬ್ರೇಕ್ ಭಾಳ ಗಟ್ಟಿ ಆಗ್ಯಾದ, ಕಾಲಿಟ್ರ ಹಿಡಿತದ" ಎಂದರು. ಗಟ್ಟಿಯಾಗದೆ ಏನಾಗುತ್ತದೆ, ಕಲಬೆರಕೆ ಇಲ್ಲದ ಎಣ್ಣೆ ಎಂದು ನಾನು ಒಳಗೊಳಗೇ ಹಿಗ್ಗಿದೆ.

ರವಿವಾರ ಬೆಳಿಗ್ಗೆ ರೊಟ್ಟಿ ತಟ್ಟುತ್ತಿದ್ದಾಗ ನೋವು ಬಂತು. ದಿನ ತುಂಬಲು ಇನ್ನೂ ಮೂರು ವಾರವಿತ್ತು. ಯಜಮಾನರು ಕಾರು ತಂದು ಬಾಗಿಲಿಗೆ ನಿಲ್ಲಿಸಿದರು. ಹಿಂದಿನ ಸೀಟಿನಲ್ಲಿ ಅತ್ತೆಯ ತೊಡೆಯ ಮೇಲೆ ತಲೆಯಿಟ್ಟು ಮಲಗಿದೆ. ಅರ್ಧಕ್ಕಿಂತ ಹೆಚ್ಚು ದಾರಿ ಸಲೀಸಾಗಿ ಸಾಗಿತು. ಆಮೇಲೆ ಗಾಡಿ ಹಿಂದಿನಿಂದ ಯಾರೋ ಹಿಡಿದೆಳೆದಂತೆ ಭಾರವಾಯಿತು. ಸುಟ್ಟ ವಾಸನೆ ಬಂತು. ಝರಾಸಂಗಂ ದಾರಿ ಕೂಡುವ ಜಾಗದ ಹತ್ತಿರ ಕಾರು ತಾನೇ ನಿಂತಿತು. ಯಜಮಾನರು ಇಳಿದು ನೋಡಿದರು. ಗಾಲಿಗಳು ಕೆಂಡದಂತೆ ಕಾದಿದ್ದವು, ಮುಂದಿನ ಎರಡರಿಂದ ಹೊಗೆ ಏಳುತ್ತಿತ್ತು. ಬ್ರೇಕಿನಿಂದ ಕಾಲು ತೆಗೆದರೂ ಬ್ರೇಕು ಬಿಟ್ಟಿರಲಿಲ್ಲ. ನೂಕಿದರೂ ಗಾಡಿ ಕದಲಲಿಲ್ಲ.

"ನಾ ಹೇಳಿದ್ದೆ ನಿಮಗ! ಆ ಮಿಸ್ತ್ರಿ ಕಳ್ಳ ಇದ್ದಾನಂತ ಹೇಳಿದ್ದೆ!" ಎಂದು ನೋವಿನ ನಡುವೆಯೇ ಕೂಗಿದೆ. ನಾನು ಎಣ್ಣೆ ಬದಲಿಸಿದ್ದು ನನಗೆ ನೆನಪಿರಲಿಲ್ಲವೆಂದಲ್ಲ. ಒಳ್ಳೆಯದನ್ನು ಹಾಕಿದ್ದೇನೆ, ಕೆಟ್ಟದ್ದೆಲ್ಲ ಅವನದು ಎಂದೇ ನನ್ನ ಲೆಕ್ಕ. ಯಜಮಾನರು ಈ ಸಲ ನಗಲಿಲ್ಲ. "ಸಿಗಲಿ ಅಂವ" ಎಂದು ಹಲ್ಲು ಕಡಿದರು.

ದಾರಿಯಲ್ಲಿ ಒಬ್ಬ ಪರಿಚಯದ ಕಂಪೌಂಡರು ಮೋಟರ್ ಸೈಕಲ್ಲಿನ ಮೇಲೆ ಜಹೀರಾಬಾದಿಗೆ ಹೊರಟಿದ್ದವರು ಸಿಕ್ಕರು. ಬೇರೆ ಗಾಡಿ ಸಿಗುವ ಖಾತ್ರಿಯಿರಲಿಲ್ಲ, ಮಿಸ್ತ್ರಿಯನ್ನೇ ಕರೆತರಲು ಅವರ ಕೈಕಾಲು ಹಿಡಿದು ಬೇಡಿಕೊಂಡೆವು. ಬಸ್ಸು ಎರಡು ಗಂಟೆಗೆ, ಬಂದರೆ. ಆಗಿನ್ನೂ ಹತ್ತೂವರೆ. ಕಾರಿನ ಗಡಿಯಾರವನ್ನು ನೋಡುತ್ತ ಮಲಗಿದ್ದೆ. ಹಿಂದಿನ ಸಲದ ಬಂಡಿಯ ದಾರಿಯಲ್ಲಿ ಮಗು ಹೊಟ್ಟೆಯೊಳಗೆ ಮಿಸುಕಾಡುವುದು ಯಾವ ಗಳಿಗೆಯಲ್ಲಿ ನಿಂತಿತೋ ನನಗೆ ತಿಳಿದಿರಲಿಲ್ಲ. ಈಗ ಎರಡೂ ಕೈ ಹೊಟ್ಟೆಯ ಮೇಲಿಟ್ಟು, ಮಿಸುಕಿದಾಗಲೆಲ್ಲ ಅತ್ತೆಗೆ ಹೇಳುತ್ತಿದ್ದೆ. ಅಷ್ಟು ಹೆದರಿಕೆ ನನಗೆ ಮತ್ತೆಂದೂ ಆಗಿಲ್ಲ.

ಮಿಸ್ತ್ರಿ ಕಂಪೌಂಡರ ಬೆನ್ನ ಹಿಂದೆ ಕೂತು ಬಂದ. ಉಂಡ ಕೈ ಕೂಡ ತೊಳೆದಿರಲಿಲ್ಲ. ಇಳಿಯುತ್ತಲೇ ಯಜಮಾನರು ಅವನ ಅಂಗಿಯ ಕಾಲರು ಹಿಡಿದರು. "ಏನ್ ಹಾಕೀದೋ ಬ್ರೇಕಿನಾಗ?"

"ಔಡ್ಲೆಣ್ಣಿ ಹಾಕ್ಯಾನ, ನಾನs ಮೂಸಿ ನೋಡೀನಿ!" ಎಂದು ನಾನು ಒಳಗಿನಿಂದ ಕೂಗಿದೆ.

ಮಿಸ್ತ್ರಿ ಕಾಲರನ್ನು ಬಿಡಿಸಿಕೊಳ್ಳಲಿಲ್ಲ. "ಹೌದ್ರಿ, ಬ್ರೇಕಿನ ಎಣ್ಣಿ ಔಡಲದಿಂದನ ಮಾಡ್ತಾರ. ಕಂಪನಿಯವರs ಹಂಗ ಮಾಡ್ತಾರ್ರಿ, ರಬ್ಬರ್ ಕೆಡಬಾರ್ದಂತ. ಮೊದ್ಲ ನೋಡಾಕ ಬಿಡ್ರಿ" ಎಂದ. ಯಜಮಾನರ ಕೈ ಸಡಿಲವಾಯಿತು. ಅವನು ಚಾಪೆ ಸರಿಸಿ, ಮುಚ್ಚಳ ತೆಗೆದು, ಬೆರಳು ಅದ್ದಿ ಮೂಸಿದ. ಇನ್ನೊಮ್ಮೆ ಮೂಸಿದ. "ಇದು ನನ್ನ ಎಣ್ಣಿ ಅಲ್ರಿ. ಇದ್ರಾಗ ಔಡಲ ಇಲ್ಲ."

ನಾನು ಸೆರಗನ್ನು ಮುಖದ ಮೇಲೆ ಎಳೆದುಕೊಂಡೆ.

ಅವನು ಯಾರ ಮುಖವನ್ನೂ ನೋಡದೆ ಹೇಳಿದ. "ಯಾರು ಹಾಕೀರಿ ನನಗ ಬ್ಯಾಡ. ಏನ್ ಹಾಕೀರಿ, ಎಷ್ಟು ದಿನ ಆತು, ಅದಷ್ಟು ಜಲ್ದಿ ಹೇಳ್ರಿ. ಕಸ ಸಿಕ್ಕಿದ್ರ ಬ್ಯಾರೆ ಕೆಲಸ. ಎಂಜಿನ್ ಎಣ್ಣಿ ಬಿದ್ದಿದ್ರ ಒಳಗಿನ ರಬ್ಬರೆಲ್ಲ ಉಬ್ಬಿರ್ತದ, ಆವಾಗ ಬ್ಯಾರೆ ಕೆಲಸ. ಒಂದೊಂದು ಗಾಲಿ ಬಿಚ್ಚಿ ನೋಡ್ಕೋತ ಕೂತ್ರ ಎರಡು ತಾಸು ಹೋಗ್ತಾವ."

ಯಜಮಾನರು ಬೆಪ್ಪಾಗಿ ನಿಂತಿದ್ದರು. ಸುಮ್ಮನಿದ್ದರೆ ನನ್ನ ಮಾನ ಉಳಿಯುತ್ತಿತ್ತು, ಎರಡು ತಾಸು ಹೋಗುತ್ತಿತ್ತು. ಹೊಟ್ಟೆಯ ಮೇಲಿದ್ದ ನನ್ನ ಕೈಗೆ ಮಗು ಒದ್ದಿದ್ದು ತಿಳಿಯಿತು.

"ನಾನು ಹಾಕೀನ್ರಿ" ಎಂದೆ. "ಎಂಜಿನ್ ಎಣ್ಣಿ. ಬುಧವಾರ ಮಧ್ಯಾಹ್ನ. ನಿಮ್ಮದು ಕಲಬೆರಕಿ ಅಂತ ತಿಳಿದು ತಗದು ಹಾಕಿದೆ."

ಅತ್ತೆ "ಶಿವಶಿವಾ" ಎಂದರು. ಯಜಮಾನರು ನನ್ನನ್ನು ನೋಡಿದ ನೋಟ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಮಿಸ್ತ್ರಿ ಮಾತ್ರ ಆಗಲೇ ಗಾಡಿಯ ಕೆಳಗೆ ನುಸುಳಿದ್ದ. ಎಲ್ಲೋ ಒಂದು ಕೊಳವೆಯ ತಿರುಪು ಸಡಿಲಿಸಿದ, ಒಳಗೆ ಸಿಕ್ಕಿಬಿದ್ದಿದ್ದ ಎಣ್ಣೆ ಚಿಮ್ಮಿ ಅವನ ಮುಖಕ್ಕೆ ಹಾರಿತು. ನಾಲ್ಕೂ ಗಾಲಿಗಳು ಟಕ್ಕೆಂದು ಬಿಟ್ಟುಕೊಂಡವು. ಮುಖ ಒರೆಸಿಕೊಳ್ಳುತ್ತ ಎದ್ದು ಬಂದು, ಮೊದಲ ಸಲ ನನ್ನ ಕಡೆ ತಿರುಗಿ ನಿಂತ.

"ಅವ್ವಾರ, ಗಾಡಿ ಈಗ ಓಡ್ತದ. ಬ್ರೇಕ್ ಇಲ್ಲ. ಗೇರಿನ ಮ್ಯಾಲ, ಕೈ ಬ್ರೇಕಿನ ಮ್ಯಾಲ ನಾ ಹೊಡ್ಕೊಂಡು ಹೋಗ್ತೀನಿ. ನನ್ನ ಮ್ಯಾಲ ಭರೋಸಾ ಇದ್ರ ಕೂಡ್ರಿ. ಇಲ್ಲಂದ್ರ ಎರಡು ಗಂಟೆ ಬಸ್ಸಿನ ದಾರಿ ನೋಡ್ರಿ. ನೀವು ಹೇಳಬೇಕು, ಸೌಕಾರ್ರು ಅಲ್ಲ."

ಎರಡು ನಿಮಿಷದ ಹಿಂದೆ ಅವನ ಕಿವಿಗೆ ಬೀಳುವಂತೆ ಕೂಗಾಡಿದವಳು ನಾನು. ಅವನಿಗೆ ಸಿಟ್ಟಿರಲಿಲ್ಲವೆ? ಇತ್ತು, ದವಡೆಯ ಎಲುಬು ಕುಣಿಯುತ್ತಿತ್ತು. ಅಂಥ ಸಿಟ್ಟಿನ ಮನುಷ್ಯನ ಕೈಗೆ ಬ್ರೇಕಿಲ್ಲದ ಗಾಡಿ ಕೊಟ್ಟು, ಅದರಲ್ಲಿ ಉಳಿದ ಒಂದೇ ಆಸೆಯನ್ನು ಹೊತ್ತು ಕೂಡಬೇಕು. ಹುಟ್ಟಿದಾಗಿನಿಂದ ಯಾರನ್ನೂ ಪೂರ್ತಿ ನಂಬದ ನಾನು "ನಡೀರಿ" ಎಂದೆ.

ಆ ಹನ್ನೆರಡು ಕಿಲೋಮೀಟರು ನಾನು ಅವನ ಬೆನ್ನನ್ನೇ ನೋಡುತ್ತಿದ್ದೆ. ಏರಿನಲ್ಲಿ ಜೋರಾಗಿ, ಇಳಿಜಾರಿಗೆ ಮೊದಲೇ ಗೇರು ಇಳಿಸಿ, ಎಂಜಿನ್ನು ಊಳಿಡುತ್ತ ಗಾಡಿಯನ್ನು ತಡೆಯುವಂತೆ ಹೊಡೆದ. ಒಂದು ಕಡೆ ಕುರಿಹಿಂಡು ರಸ್ತೆಗೆ ಅಡ್ಡ ಬಂತು. ಎಡಗೈಯಿಂದ ಕೈ ಬ್ರೇಕು ಎಳೆದು, ಬಲಗೈ ಹಾರನ್ನಿನಿಂದ ತೆಗೆಯದೆ, ಕೊನೆಯ ಕುರಿ ದಾಟುವವರೆಗೆ ಗಾಡಿಯನ್ನು ತೆವಳಿಸಿದ. ಯಜಮಾನರು ಪಕ್ಕದಲ್ಲಿ ಕಣ್ಣು ಮುಚ್ಚಿ ಕೂತಿದ್ದರು. ಡಾಕ್ಟರಮ್ಮನ ಮನೆ ಕಾಣುತ್ತಲೇ ಎಂಜಿನ್ನು ಬಂದ್ ಮಾಡಿದ. ಕಾರು ಮೆಲ್ಲಗೆ ಉರುಳಿ, ಅವರ ಕಾಂಪೌಂಡಿನ ಗೋಡೆಗೆ ಬಂಪರು ತಾಗಿಸಿ ನಿಂತಿತು.

ಒಂದು ತಾಸಿನೊಳಗೆ ಮಗಳು ಹುಟ್ಟಿದಳು. ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿತ್ತು, ಅತ್ತಿದ್ದು ತಡವಾಗಿ. ಎರಡು ಗಂಟೆಯ ಬಸ್ಸಿಗೆ ಬಂದಿದ್ದರೆ ತಮ್ಮಿಂದ ಉಳಿಸಲು ಆಗುತ್ತಿರಲಿಲ್ಲ ಎಂದು ಡಾಕ್ಟರಮ್ಮ ಹೇಳಿದರು. ನಾನು ಮಗುವನ್ನು ಎದೆಗವಚಿಕೊಂಡು ಗಟ್ಟಿಯಾಗಿ ಅತ್ತುಬಿಟ್ಟೆ. ಅತ್ತು ಮುಗಿದ ಮೇಲೆ, ಆಸ್ಪತ್ರೆಯಲ್ಲಿ ಯಾರಾದರೂ ಅದಲುಬದಲು ಮಾಡಿಯಾರೆಂದು ಅವಳ ಮೈಮೇಲಿನ ಮಚ್ಚೆಗಳನ್ನೆಲ್ಲ ನೋಡಿ ನೆನಪಿಟ್ಟುಕೊಂಡೆ. ಸ್ವಭಾವ ಅಷ್ಟು ಬೇಗ ಬಿಡುತ್ತದೆಯೆ!

ಮಿಸ್ತ್ರಿ ಬ್ರೇಕಿನ ರಬ್ಬರುಗಳನ್ನೆಲ್ಲ ತೆಗೆದು, ಕೊಳವೆಗಳನ್ನು ತೊಳೆದು, ಹೈದರಾಬಾದಿನಿಂದ ಹೊಸವು ತರಿಸಿ ಹಾಕಿದ. ಬಾಣಂತನ ಮುಗಿದ ಮೇಲಿನ ಮೊದಲ ಸೋಮವಾರ ಅವನು ಮನೆಗೆ ಬಂದಾಗ, ಮಗಳನ್ನು ಎತ್ತಿಕೊಂಡು ಹೋಗಿ ಅವನೆದುರು ನಿಂತೆ.

"ನನ್ನಿಂದ ದೊಡ್ಡ ತಪ್ಪಾತ್ರಿ" ಎಂದೆ.

"ತಪ್ಪು ಖರೆ ಅದರಿ" ಎಂದ. ಪರವಾಗಿಲ್ಲ ಎಂದು ಹೇಳಲಿಲ್ಲ. ಮಗುವಿನ ಕೆನ್ನೆಯನ್ನು ಬೆರಳ ಬೆನ್ನಿನಿಂದ ಮುಟ್ಟಿ, ಸಲಾಕೆ ಕೈಗೆತ್ತಿಕೊಂಡು ಎಂಜಿನ್ನಿನ ಕಡೆ ಹೋದ.

ಕೆಲಸ ಮುಗಿಯುವ ಹೊತ್ತಿಗೆ ನಾನೇ ಕೈಯಾರೆ ಚಹ ಮಾಡಿ, ಅತಿಥಿಗಳಿಗೆ ಕೊಡುವ ಪಿಂಗಾಣಿ ಕಪ್ಪಿನಲ್ಲಿ ಒಯ್ದು ಕೊಟ್ಟೆ. ಯಜಮಾನರು, ಅತ್ತೆ ಕಟ್ಟೆಯ ಮೇಲೆ ಕೂತಿದ್ದರು. ಮಿಸ್ತ್ರಿ ಕಪ್ಪನ್ನು ಎರಡೂ ಕೈಯಿಂದ ತೆಗೆದುಕೊಂಡ. ತುಟಿಗೆ ಇಡುವ ಮೊದಲು ಮೂಗಿನ ಹತ್ತಿರ ಹಿಡಿದು, ನಿಧಾನವಾಗಿ ಮೂಸಿದ. ಇನ್ನೊಮ್ಮೆ ಮೂಸಿದ. ಆಮೇಲೆ ಕುಡಿದ.

ಯಜಮಾನರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡರು. ಮಿಸ್ತ್ರಿಯ ಮುಖದಲ್ಲಿ ನಗುವಿರಲಿಲ್ಲ. ಅವನು ನಮ್ಮ ಮನೆಗೆ ಬರುತ್ತಿದ್ದ ಅಷ್ಟೂ ವರ್ಷ, ನಾನು ಕೊಟ್ಟ ಚಹವನ್ನು ಪ್ರತಿ ಸೋಮವಾರವೂ ಎರಡು ಸಲ ಮೂಸಿಯೇ ಕುಡಿದ. ಅದು ತಮಾಷೆಯೋ, ನಿಜವಾದ ಸಂಶಯವೋ ಎಂದು ನಾನು ಒಂದು ದಿನವೂ ಕೇಳಲಿಲ್ಲ.